ಪುಸ್ತಕ ಮುಗಿದ ಮೇಲೆ ಲೇಖಕರು ಆಡುವ ಮಾತಿಗೆ ಎಷ್ಟು ತೂಕ?

ಪ್ರಶ್ನೆ: ಐದು ಸಂಪುಟಗಳ ಒಂದು ಸಾಹಸ ಕಾದಂಬರಿ ಸರಣಿಯನ್ನು ನಾನೂ ನನ್ನ ಗೆಳೆಯರೂ ಬಹಳ ವರ್ಷಗಳಿಂದ ಓದುತ್ತ ಬಂದಿದ್ದೇವೆ. ಕೊನೆಯ ಅಧ್ಯಾಯದಲ್ಲಿ ದೋಣಿ ನಡೆಸುವ ನಾಯಕಿ ಬಿರುಗಾಳಿಯ ರಾತ್ರಿ ಒಬ್ಬಳೇ ಕಡಲಿಗೆ ಇಳಿಯುತ್ತಾಳೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಅವಳು ಬದುಕಿ ಬಂದಳೆಂದೇ ನಾನು ಇಷ್ಟು ದಿನ ಓದಿಕೊಂಡಿದ್ದೆ. ಎರಡನೆಯ ಸಂಪುಟದಲ್ಲಿ ಹೀಗೆಯೇ ಹೊರಟಾಗ ದಡದ ಮೇಲೆ ಲಾಟೀನು ಹೊತ್ತಿಸಿಟ್ಟು, ಅದರ ಬೆಳಕು ನೋಡಿಕೊಂಡೇ ಮರಳಿದ್ದಳು. ಈಗ ಲೇಖಕರು ಸಂದರ್ಶನವೊಂದರಲ್ಲಿ, ಅವಳು ಆ ರಾತ್ರಿಯೇ ಸತ್ತಳು, ತಮ್ಮ ಮನಸ್ಸಿನಲ್ಲಿ ಅದು ಮೊದಲಿನಿಂದಲೂ ಸ್ಪಷ್ಟವಾಗಿತ್ತು ಎಂದಿದ್ದಾರೆ. ಇತ್ತ ಪ್ರಕಾಶಕರು ಬೇರೊಬ್ಬರಿಂದ ಬರೆಸಿದ ಆರನೆಯ ಸಂಪುಟದಲ್ಲಿ ಅವಳು ಬದುಕಿದ್ದಾಳೆ! ಲೇಖಕರ ಮಾತೇ ಅಂತಿಮವಾದರೆ ನನ್ನ ಇಷ್ಟು ವರ್ಷಗಳ ಓದು ತಪ್ಪೇ? ಅಲ್ಲವಾದರೆ, ಯಾವುದು ಕ್ಯಾನನ್, ಅಂದರೆ ಕಥೆಯ ಅಧಿಕೃತ ಭಾಗ, ಎಂದು ತೀರ್ಮಾನಿಸುವವರು ಯಾರು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಒಂದೇ ಗಂಟಿನಲ್ಲಿ ಸಿಕ್ಕಿಕೊಂಡಿವೆ. ಅಭಿಮಾನಿಗಳ ನಡುವಿನ ಇಂಥ ಜಗಳಗಳು ವರ್ಷಗಟ್ಟಲೆ ಬಗೆಹರಿಯದೆ ಉಳಿಯುವುದೂ ಬಹುಮಟ್ಟಿಗೆ ಈ ಗಂಟಿನಿಂದಲೇ. ಕಥೆಯೊಳಗೆ ಏನು ನಡೆಯಿತು ಎಂಬುದು ಒಂದು. ನಡೆದದ್ದಕ್ಕೆ ಏನು ಅರ್ಥ ಎಂಬುದು ಇನ್ನೊಂದು. ಆ ಕಥೆಯನ್ನು ಮುಂದುವರಿಸುವ ಹಕ್ಕು ಯಾರದು ಎಂಬುದು ಮಗದೊಂದು. ಲೇಖಕರ ಮಾತಿಗೆ ಈ ಮೂರರಲ್ಲಿ ಒಂದೇ ತೂಕವಿಲ್ಲ. ನಿಮ್ಮ ಗೆಳೆಯರಲ್ಲಿ ಒಬ್ಬರು ಮೂರನೆಯದಕ್ಕೆ ಉತ್ತರ ಕೊಟ್ಟು ಮೊದಲನೆಯದನ್ನು ಗೆದ್ದೆನೆಂದುಕೊಳ್ಳುತ್ತಿರಬಹುದು.

ಮೊದಲು 'ಕ್ಯಾನನ್' ಎಂಬ ಮಾತನ್ನೇ ನೋಡೋಣ. ಗ್ರೀಕ್ ಮೂಲದಲ್ಲಿ ಅದಕ್ಕೆ ಅಳತೆಗೋಲು ಎಂಬ ಅರ್ಥ. ಯಾವ ಗ್ರಂಥಗಳು ಬೈಬಲ್ಲಿಗೆ ಸೇರುತ್ತವೆ, ಯಾವುವು ಸೇರುವುದಿಲ್ಲ ಎಂದು ನಿರ್ಣಯಿಸಿದ ಪಟ್ಟಿಗೆ ಕ್ರೈಸ್ತ ಸಂಪ್ರದಾಯ ಆ ಹೆಸರನ್ನು ಕೊಟ್ಟಿತು. ಜನಪ್ರಿಯ ಕಥೆಗಳ ಲೋಕಕ್ಕೆ ಅದು ಬಂದದ್ದು ತಮಾಷೆಯ ದಾರಿಯಲ್ಲಿ. ಮುಂದೆ ಪಾದ್ರಿಯಾಗಿ ಹೆಸರು ಮಾಡಿದ ರೊನಾಲ್ಡ್ ನಾಕ್ಸ್ 1911ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಒಂದು ಪ್ರಬಂಧ ಓದಿದರು. ಬೈಬಲ್ ವಿದ್ವಾಂಸರು ಒಂದೊಂದು ವಾಕ್ಯವನ್ನೂ ಹಿಡಿದು ಯಾವುದು ಮೂಲ, ಯಾವುದು ಪ್ರಕ್ಷಿಪ್ತ ಎಂದು ವಾದಿಸುವ ರೀತಿಯನ್ನು ಅಣಕಿಸುವುದಕ್ಕಾಗಿ, ಅದೇ ಗಂಭೀರ ಮುಖದಲ್ಲಿ ಷರ್ಲಾಕ್ ಹೋಮ್ಸ್ ಕಥೆಗಳನ್ನು ಅವರು ಪರೀಕ್ಷಿಸಿದ್ದರು. ಅದನ್ನು ಓದಿದ ಆರ್ಥರ್ ಕಾನನ್ ಡಾಯ್ಲ್, ಇಂಥ ಸರಕಿನ ಮೇಲೆ ಯಾರಾದರೂ ಇಷ್ಟು ಶ್ರಮ ಪಡುತ್ತಾರಲ್ಲ ಎಂದು ಬೆರಗಾಗಿ ನಾಕ್ಸ್‌ಗೆ ಪತ್ರ ಬರೆದರು; ಈ ವಿಷಯದಲ್ಲಿ ನನಗಿಂತ ನಿಮಗೇ ಹೆಚ್ಚು ಗೊತ್ತು ಎಂದೂ ಒಪ್ಪಿಕೊಂಡರು. ಅಣಕವಾಗಿ ಹುಟ್ಟಿದ ಆಟವನ್ನು ನಂತರದವರು ನಿಜವಾದ ಶ್ರದ್ಧೆಯಿಂದ ಆಡತೊಡಗಿದರು. ಹೋಮ್ಸ್ ಅಭಿಮಾನಿಗಳ ಬಾಯಲ್ಲಿ ಕ್ಯಾನನ್ ಎಂದರೆ ಡಾಯ್ಲ್ ಬರೆದ 4 ಕಾದಂಬರಿಗಳು ಮತ್ತು 56 ಸಣ್ಣಕಥೆಗಳು, ಒಟ್ಟು 60. ಇಂದು ಅಭಿಮಾನಿಗಳು ಈ ಪದವನ್ನು ವೇದವಾಕ್ಯವೆಂಬಂತೆ ಬಳಸುವಾಗ ಅದರ ಹುಟ್ಟಿನಲ್ಲಿದ್ದ ನಗೆಯನ್ನು ಸ್ವಲ್ಪ ನೆನಪಿಟ್ಟುಕೊಂಡರೆ ಜಗಳದ ಕಾವು ಇಳಿದೀತು.

ಈ 60ರೊಳಗೇ ನಿಮ್ಮ ಮೊದಲ ಪ್ರಶ್ನೆಗೆ, ಅಂದರೆ ಕಥೆಯೊಳಗೆ ಏನು ನಡೆಯಿತು ಎಂಬುದಕ್ಕೆ, ಬಹಳ ಒಳ್ಳೆಯ ಪಾಠವಿದೆ. 1887ರ ಮೊದಲ ಕಾದಂಬರಿಯಲ್ಲಿ ಹೋಮ್ಸ್‌ನ ಜೊತೆಗಾರ ಡಾಕ್ಟರ್ ವಾಟ್ಸನ್ನರಿಗೆ ಅಫ್ಘಾನ್ ಯುದ್ಧದಲ್ಲಿ ಗುಂಡು ತಗುಲಿದ್ದು ಭುಜಕ್ಕೆ. 1890ರ ಎರಡನೆಯ ಕಾದಂಬರಿಯಲ್ಲಿ ಅದೇ ವಾಟ್ಸನ್ ಕುಳಿತು ಗಾಯದ ಕಾಲನ್ನು ನೀವಿಕೊಳ್ಳುತ್ತಾರೆ. ಅವರ ಹೆಸರು ಜಾನ್. 1891ರ ಒಂದು ಕಥೆಯಲ್ಲಿ ಅವರ ಹೆಂಡತಿಯೇ ಅವರನ್ನು ಜೇಮ್ಸ್ ಎನ್ನುತ್ತಾಳೆ. ಲೇಖಕರ ಆಶಯವೇನಿತ್ತು ಎಂದು ಇಲ್ಲಿ ಕೇಳಿದರೆ ಸಿಗುವ ಪ್ರಾಮಾಣಿಕ ಉತ್ತರ, ಅವರು ಮರೆತಿದ್ದರು ಎಂಬುದಷ್ಟೇ. ಆದರೆ ಆ ಉತ್ತರ ಕಥೆಯ ಹೊರಗಿನದು. ಕಥೆಯೊಳಗೆ ಬದುಕುವ ಓದುಗನಿಗೆ ಅದರಿಂದ ಹೊಟ್ಟೆ ತುಂಬುವುದಿಲ್ಲ. ಆದ್ದರಿಂದ ಎರಡು ಗುಂಡು ತಗುಲಿತ್ತೆಂದು ಕೆಲವರು ವಾದಿಸಿದರು. ತಾವೇ ಪತ್ತೇದಾರಿ ಕಾದಂಬರಿಗಳನ್ನು ಬರೆಯುತ್ತಿದ್ದ ಡೊರೊಥಿ ಸೇಯರ್ಸ್ ಇನ್ನೂ ಸೊಗಸಾದ ದಾರಿ ಕಂಡುಕೊಂಡರು: ಜಾನ್ ಎಚ್. ವಾಟ್ಸನ್ ಎಂಬುದರಲ್ಲಿರುವ 'ಎಚ್' ಎಂದರೆ ಹೇಮಿಷ್ ಇರಬೇಕು. ಸ್ಕಾಟ್ಲೆಂಡಿನಲ್ಲಿ ಜೇಮ್ಸ್‌ಗೆ ಹೇಮಿಷ್ ಎನ್ನುತ್ತಾರೆ. ಹೆಂಡತಿ ಗಂಡನ ನಡುಹೆಸರನ್ನು ಮುದ್ದಿಗೆ ತಿರುಗಿಸಿ ಕರೆದಿದ್ದಾಳೆ. ಡಾಯ್ಲ್ ಹೀಗೆ ಯೋಚಿಸಿದ್ದರೆಂಬುದಕ್ಕೆ ಯಾವ ಆಧಾರವೂ ಇಲ್ಲ. ಹಾಗಿದ್ದರೂ ಅಚ್ಚಾದ ಒಂದಕ್ಷರವನ್ನೂ ಅಳಿಸದೆ, ಇರುವ ಅಕ್ಷರಗಳಿಗೆಲ್ಲ ಕೆಲಸ ಕೊಡುವ ವಿವರಣೆ ಇದು. ಒಳ್ಳೆಯ ಅಭಿಮಾನಿ ವಾದಕ್ಕೆ ನನ್ನ ಮಟ್ಟಿಗೆ ಇದೇ ಮಾದರಿ.

ಇದರಿಂದ ತಿಳಿಯುವುದು ಇಷ್ಟು. ಕಥೆಯೊಳಗಿನ ಸಂಗತಿಗಳ ವಿಷಯದಲ್ಲಿ ಲೇಖಕರಿಗೆ ಪೂರ್ಣ ಅಧಿಕಾರವಿರುವುದು ನಿಜ, ಆದರೆ ಆ ಅಧಿಕಾರವನ್ನು ಅವರು ಚಲಾಯಿಸುವುದು ಬರೆಯುವುದರ ಮೂಲಕ. ಕಾಲಿಗೆ ಗಾಯ ಎಂದು ಬರೆದರೆ ಕಾಲಿಗೇ ಗಾಯ. ಸಂದರ್ಶನದಲ್ಲಿ ಕುಳಿತು ಗಾಯ ಕಾಲಿಗಾಗಿತ್ತು ಎಂದರೆ ಅದು ಬರವಣಿಗೆಯಲ್ಲ, ಬರವಣಿಗೆಯ ಬಗ್ಗೆ ಆಡಿದ ಮಾತು. ಬರೆದವರು ಆಡಿದ ಮಾತಾದ್ದರಿಂದ ಅದಕ್ಕೆ ಬೆಲೆಯಿದೆ, ಆದರೆ ಸಾಕ್ಷಿಯ ಮಾತಿಗಿರುವ ಬೆಲೆ, ತೀರ್ಪಿಗಿರುವ ಬೆಲೆಯಲ್ಲ. ಎಲ್ಲ ಸಾಕ್ಷಿಗಳಂತೆ ಲೇಖಕರೂ ಮರೆಯುತ್ತಾರೆ, ತಮಗೆ ಅನುಕೂಲವಾದದ್ದನ್ನು ನೆನಪಿಟ್ಟುಕೊಳ್ಳುತ್ತಾರೆ, ಕೇಳಿದವರ ಮುಖ ನೋಡಿ ಉತ್ತರಿಸುತ್ತಾರೆ.

ಮಾತನ್ನು ಪುಸ್ತಕದೊಳಗೇ ಬರೆದು ಕಥೆಯನ್ನು ಬದಲಿಸಿದರೆ ಹೇಗಿರುತ್ತದೆ ಎಂಬುದಕ್ಕೆ ಟೋಲ್ಕಿನ್ ಅವರ 'ದಿ ಹಾಬಿಟ್' ಕಾದಂಬರಿಯ ಐದನೆಯ ಅಧ್ಯಾಯ ಉದಾಹರಣೆ. 1937ರ ಮೊದಲ ಆವೃತ್ತಿಯಲ್ಲಿ ಕತ್ತಲ ಗುಹೆಯ ಗಾಲಮ್ ಒಗಟಿನ ಪಂದ್ಯದಲ್ಲಿ ತಾನು ಸೋತರೆ ಕಥಾನಾಯಕ ಬಿಲ್ಬೊಗೆ ಉಡುಗೊರೆ ಕೊಡುವೆನೆಂದು ಮಾತು ಕೊಟ್ಟಿರುತ್ತಾನೆ. ಸೋತ ಮೇಲೆ ಕೊಡಬೇಕೆಂದಿದ್ದ ಉಂಗುರವೇ ಸಿಗದಿದ್ದಾಗ ಪಾಪ, ಮತ್ತೆ ಮತ್ತೆ ಕ್ಷಮೆ ಕೇಳಿ, ಅದರ ಬದಲಿಗೆ ಹೊರಹೋಗುವ ದಾರಿ ತೋರಿಸುತ್ತಾನೆ. ಉಂಗುರ ಬಿಲ್ಬೊನ ಜೇಬಿನಲ್ಲಿ ಆಗಲೇ ಸೇರಿರುತ್ತದೆ; ಅವನು ತುಟಿ ಬಿಚ್ಚುವುದಿಲ್ಲ. ಮುಂದಿನ ಮಹಾಕಾದಂಬರಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆಯುತ್ತ ಹೋದಂತೆ ಆ ಉಂಗುರ ಎಷ್ಟು ಭಯಂಕರ ವಸ್ತುವಾಗಿ ಬೆಳೆಯಿತೆಂದರೆ, ಅದನ್ನು ಉಡುಗೊರೆಯಾಗಿ ಕೊಡಲು ಒಪ್ಪುವ ಗಾಲಮ್ ಅಸಂಭವನಾಗಿಬಿಟ್ಟ. 1951ರ ಎರಡನೆಯ ಆವೃತ್ತಿಯಲ್ಲಿ ಅಧ್ಯಾಯವೇ ಬದಲಾಯಿತು: ಪಣವೇ ಈಗ ದಾರಿ ತೋರಿಸುವುದು, ಉಂಗುರ ಕಳೆದುಹೋದದ್ದು ತಿಳಿದ ಗಾಲಮ್ ಕಳ್ಳ, ಕಳ್ಳ ಎಂದು ಕಿರುಚುತ್ತಾನೆ. ಇಲ್ಲಿಯವರೆಗೆ ಇದು ಸಾಮಾನ್ಯ ತಿದ್ದುಪಡಿ, ಅಭಿಮಾನಿಗಳ ಭಾಷೆಯಲ್ಲಿ ರೆಟ್‌ಕಾನ್. ಟೋಲ್ಕಿನ್ ಅವರ ಜಾಣತನ ಕಾಣುವುದು ಮುಂದಿನ ಹೆಜ್ಜೆಯಲ್ಲಿ. ಹಳೆಯ ಆವೃತ್ತಿ ಇರಲೇ ಇಲ್ಲವೆಂದು ಅವರು ನಟಿಸಲಿಲ್ಲ. 1954ರಿಂದ ಪ್ರಕಟವಾದ ಮಹಾಕಾದಂಬರಿಯಲ್ಲಿ, ಉಡುಗೊರೆಯ ಕಥೆ ಬಿಲ್ಬೊ ತನ್ನ ಜೊತೆಗಾರರಿಗೆ ಹೇಳಿದ ಸುಳ್ಳೆಂದೂ, ಉಂಗುರದ ಮೇಲೆ ತನ್ನ ಹಕ್ಕನ್ನು ಗಟ್ಟಿ ಮಾಡಿಕೊಳ್ಳಲು ಪ್ರಾಮಾಣಿಕನಾದ ಅವನೂ ಸುಳ್ಳಾಡಿದ್ದೇ ಆ ಉಂಗುರದ ಕೇಡಿನ ಮೊದಲ ಗುರುತೆಂದೂ ಮಾಡಿದರು. 1937ರ ಪ್ರತಿ ಕೈಯಲ್ಲಿದ್ದವರ ಪುಸ್ತಕ ತಪ್ಪು ಪುಸ್ತಕವಾಗಲಿಲ್ಲ, ಬಿಲ್ಬೊನ ಸುಳ್ಳಿನ ದಾಖಲೆಯಾಯಿತು. ಓದುಗರನ್ನು ಹೀಗೆ ಗೌರವಿಸಿದ ತಿದ್ದುಪಡಿ ಜನಪ್ರಿಯ ಸಾಹಿತ್ಯದಲ್ಲಿ ಇನ್ನೊಂದಿದೆಯೇ ಎಂಬುದು ನನಗೆ ಸಂಶಯ.

ಜಾರ್ಜ್ ಲೂಕಾಸ್ ಹಿಡಿದದ್ದು ಇದರ ಎದುರು ದಾರಿ. 1977ರ 'ಸ್ಟಾರ್ ವಾರ್ಸ್' ಚಿತ್ರದ ಮದ್ಯದಂಗಡಿಯ ದೃಶ್ಯದಲ್ಲಿ ಹ್ಯಾನ್ ಸೋಲೋ ಎದುರು ಕುಳಿತವನ ಮೇಲೆ ತಾನೇ ಗುಂಡು ಹಾರಿಸುತ್ತಾನೆ. 1997ರ ಮರುಬಿಡುಗಡೆಯಲ್ಲಿ ಎದುರಾಳಿ ಮೊದಲು ಹಾರಿಸುತ್ತಾನೆ. ತಮ್ಮ ಉದ್ದೇಶ ಮೊದಲಿನಿಂದಲೂ ಹಾಗೆಯೇ ಇತ್ತು ಎಂಬುದು ಲೂಕಾಸರ ವಾದ. ಇಪ್ಪತ್ತು ವರ್ಷ ಕಣ್ಣಾರೆ ಕಂಡದ್ದನ್ನು ಕಂಡಿಲ್ಲವೆನ್ನಲು ಪ್ರೇಕ್ಷಕರು ಒಪ್ಪಲಿಲ್ಲ. ಒಪ್ಪಬೇಕಾದ ಕಾರಣವೂ ಇರಲಿಲ್ಲ.

ಎರಡನೆಯ ಪ್ರಶ್ನೆ, ಅರ್ಥದ್ದು. ಇಲ್ಲಿ ವಿಮರ್ಶಕರ ಜಗಳ ಅಭಿಮಾನಿಗಳದ್ದಕ್ಕಿಂತ ಹಳೆಯದು. 1946ರಲ್ಲಿ ವಿಮ್ಸಾಟ್ ಮತ್ತು ಬಿಯರ್ಡ್‌ಸ್ಲಿ ಎಂಬ ಇಬ್ಬರು ಅಮೆರಿಕನ್ನರು, ಕವಿಯ ಉದ್ದೇಶವು ಕೃತಿಯನ್ನು ಅಳೆಯುವ ಕೋಲಾಗಲಾರದು, ಅದು ನಮ್ಮ ಕೈಗೆ ಸಿಗುವುದೂ ಇಲ್ಲ, ಬೇಕಾದದ್ದೂ ಅಲ್ಲ ಎಂದು ವಾದಿಸಿದರು. 1967ರಲ್ಲಿ ಫ್ರಾನ್ಸಿನ ರೋಲಾಂ ಬಾರ್ತ್ ಲೇಖಕ ಸತ್ತನೆಂದೇ ಸಾರಿದರು. ಅದೇ ವರ್ಷ ಇ. ಡಿ. ಹರ್ಷ್ ಇದಕ್ಕೆ ಎದುರಾಗಿ, ಲೇಖಕ ಉದ್ದೇಶಿಸಿದ ಅರ್ಥ ಸ್ಥಿರವಾದದ್ದು, ಕಾಲದಿಂದ ಕಾಲಕ್ಕೆ ಬದಲಾಗುವುದು ಅದಕ್ಕೆ ನಾವು ಕೊಡುವ ಮಹತ್ವ ಮಾತ್ರ ಎಂದರು. 'ಲೇಖಕ ಸತ್ತ' ಎಂಬ ಘೋಷಣೆಯನ್ನು ಅಭಿಮಾನಿಗಳು ತಮಗೆ ಹಿಡಿಸದ ಸಂದರ್ಶನ ಬಂದಾಗ ಮಾತ್ರ ಕೂಗುತ್ತಾರೆ. ಹಿಡಿಸಿದ ಸಂದರ್ಶನ ಬಂದ ದಿನ ಅದೇ ಲೇಖಕ ಎದ್ದು ಕೂರುತ್ತಾನೆ.

ನನಗೆ ಇವರೆಲ್ಲರಿಗಿಂತ ಉಪಯುಕ್ತವಾಗಿ ಕಂಡವರು ನಮ್ಮ ಮೀಮಾಂಸಕರು. ಅವರ ಕಷ್ಟ ವಿಚಿತ್ರವಾದದ್ದು. ವೇದ ಅಪೌರುಷೇಯ, ಅಂದರೆ ಅದನ್ನು ಬರೆದವರೇ ಇಲ್ಲ ಎಂಬುದು ಅವರ ಸಿದ್ಧಾಂತ. ಆದರೂ ಅದರ ತಾತ್ಪರ್ಯವೇನೆಂದು ನಿರ್ಣಯಿಸಬೇಕು. ಕೇಳಲು ಕರ್ತೃವಿಲ್ಲದ ಮೇಲೆ ಸಂದರ್ಶನದ ಮಾತೆಲ್ಲಿ? ಹಾಗಾಗಿ ಆ ಪರಂಪರೆಯಲ್ಲಿ, ಮುಂದೆ ವೇದಾಂತಿಗಳಲ್ಲಿಯೂ, ಗ್ರಂಥದೊಳಗೇ ತಾತ್ಪರ್ಯವನ್ನು ಹುಡುಕಲು ಆರು ಗುರುತುಗಳು ರೂಢಿಗೆ ಬಂದವು: ಆರಂಭ ಮತ್ತು ಮುಕ್ತಾಯಗಳ ಹೊಂದಾಣಿಕೆ, ಪದೇ ಪದೇ ಬರುವ ಮಾತು, ಬೇರೆಲ್ಲೂ ಸಿಗದ ಹೊಸ ವಿಷಯ, ಫಲ, ಹೊಗಳಿಕೆ ತೆಗಳಿಕೆಯ ವಾಕ್ಯಗಳು, ಯುಕ್ತಿ. ವೇದವಾಕ್ಯಕ್ಕಾಗಿ ಕಟ್ಟಿದ ಈ ಸಲಕರಣೆಯನ್ನು ಸಾಹಸ ಕಾದಂಬರಿಗೆ ಹಚ್ಚುವುದು ಅತಿಯಾಯಿತೆಂದು ಯಾರಾದರೂ ಆಕ್ಷೇಪಿಸಿದರೆ, ನಾಕ್ಸ್ ಅವರ ಅಣಕವನ್ನು ನೆನಪಿಸುತ್ತೇನೆ. ಮೊದಲಿನ ಎರಡು ಗುರುತುಗಳಿಂದಲೇ ಅಭಿಮಾನಿಗಳ ಅರ್ಧದಷ್ಟು ವಾದಗಳು ತೀರುತ್ತವೆ.

ಹಾಗಾದರೆ ಲೇಖಕರ ಹೊರಗಿನ ಮಾತನ್ನು ಕಸದ ಬುಟ್ಟಿಗೆ ಹಾಕಬೇಕೇ? ಖಂಡಿತ ಬೇಡ. ರೇ ಬ್ರ್ಯಾಡ್‌ಬರಿ ಅವರ ಉದಾಹರಣೆ ನೋಡಿ. ಅಗ್ನಿಶಾಮಕರು ಪುಸ್ತಕ ಸುಡುವ 1953ರ ಕಾದಂಬರಿ 'ಫ್ಯಾರನ್‌ಹೀಟ್ 451' ಅನ್ನು ಎಲ್ಲರೂ ಸರ್ಕಾರದ ಸೆನ್ಸಾರ್‌ಶಿಪ್ ವಿರುದ್ಧದ ಕೃತಿಯೆಂದೇ ಓದಿದ್ದರು. 2007ರಲ್ಲಿ ಬ್ರ್ಯಾಡ್‌ಬರಿ, ಅದು ಸೆನ್ಸಾರ್ ಕುರಿತದ್ದಲ್ಲ, ಟೆಲಿವಿಷನ್ ಜನರ ಓದುವ ಆಸಕ್ತಿಯನ್ನು ಕೊಲ್ಲುವುದರ ಕುರಿತದ್ದು ಎಂದರು. ಓದುಗರು ಕೆರಳಿದರು. ಆದರೆ ಅವರ ಮಾತನ್ನು ಕೈಯಲ್ಲಿ ಹಿಡಿದು ಪುಸ್ತಕಕ್ಕೆ ಮರಳಿದರೆ, ಅಗ್ನಿಶಾಮಕರ ನಾಯಕ ಬೀಟಿ ಮಾಡುವ ಉದ್ದನೆಯ ಭಾಷಣದಲ್ಲಿ ಅದಕ್ಕೆ ಆಧಾರ ಸಿಗುತ್ತದೆ: ಇದು ಸರ್ಕಾರದಿಂದ ಇಳಿದು ಬಂದದ್ದಲ್ಲ, ಜನರೇ ಮೊದಲು ಪುಸ್ತಕಗಳನ್ನು ಬಿಟ್ಟರು, ಎಂದೇ ಅವನು ಹೇಳುತ್ತಾನೆ. ಕಥಾನಾಯಕನ ಹೆಂಡತಿ ಗೋಡೆಯಗಲದ ಪರದೆಗಳ ಮುಂದೆ ಕುಳಿತು ಅದರೊಳಗಿನವರನ್ನೇ ಬಂಧುಗಳೆಂದುಕೊಳ್ಳುವ ಪುಟಗಳು ಹಠಾತ್ತನೆ ಅಲಂಕಾರವಾಗಿ ಉಳಿಯದೆ ಕಥೆಯ ನಡುಮನೆಗೆ ಬರುತ್ತವೆ. ಲೇಖಕರ ಮಾತು ಇಲ್ಲಿ ಕೆಲಸ ಮಾಡಿತು. ಮಲಗಿದ್ದ ಸಾಲುಗಳನ್ನು ಎಬ್ಬಿಸಿತು. ಆದರೆ ಮಾತಿನ ಉಳಿದರ್ಧ, ಸೆನ್ಸಾರ್ ಕುರಿತದ್ದಲ್ಲ ಎಂಬುದು, ನಿಲ್ಲಲಿಲ್ಲ. ಪುಸ್ತಕ ಬಚ್ಚಿಟ್ಟವರ ಮನೆಗೆ ಸರ್ಕಾರಿ ನೌಕರರು ಬೆಂಕಿಯಿಡುವುದು ಪುಟಪುಟದಲ್ಲಿದೆ. ಪುಸ್ತಕ ಸುಡುವ ಬೆದರಿಕೆಯಿದ್ದ ಕಾಲದ ಆತಂಕದಿಂದ ಬರೆದೆನೆಂದು 1956ರಲ್ಲಿ ರೇಡಿಯೊದಲ್ಲಿ ಹೇಳಿದ್ದವರೂ ಬ್ರ್ಯಾಡ್‌ಬರಿಯವರೇ. ಒಬ್ಬನೇ ಸಾಕ್ಷಿ ಐವತ್ತು ವರ್ಷಗಳ ಅಂತರದಲ್ಲಿ ಕೊಟ್ಟ ಎರಡು ಹೇಳಿಕೆಗಳಲ್ಲಿ ಯಾವುದನ್ನು ಎಷ್ಟು ನಂಬಬೇಕೆಂದು ಹೇಳಬೇಕಾದದ್ದು ಪುಸ್ತಕವೇ.

ಜೆ. ಕೆ. ರೌಲಿಂಗ್ ಅವರು ಹ್ಯಾರಿ ಪಾಟರ್ ಸರಣಿಯ ಏಳನೆಯ ಪುಸ್ತಕ ಬಂದ ಕೆಲವೇ ತಿಂಗಳಲ್ಲಿ, 2007ರ ಅಕ್ಟೋಬರಿನಲ್ಲಿ, ಅದರ ಮಾಂತ್ರಿಕ ಶಾಲೆಯ ಮುಖ್ಯೋಪಾಧ್ಯಾಯ ಡಂಬಲ್‌ಡೋರ್ ಸಲಿಂಗಕಾಮಿಯೆಂದು ಹೇಳಿದ ಪ್ರಸಂಗಕ್ಕೂ ಇದೇ ಪರೀಕ್ಷೆ ಸಾಕು. ಆ ಪದ ಪುಸ್ತಕದಲ್ಲಿಲ್ಲ. ತಾರುಣ್ಯದಲ್ಲಿ ಗ್ರಿಂಡೆಲ್‌ವಾಲ್ಡ್‌ನ ಗೆಳೆತನ ಅವನನ್ನು ಹೇಗೆ ಕುರುಡಾಗಿಸಿತು ಎಂಬ ಅಧ್ಯಾಯಗಳು ಇವೆ. ಹೇಳಿಕೆಯ ಬೆಳಕಿನಲ್ಲಿ ಅವು ಹೆಚ್ಚು ಗಾಢವಾಗುತ್ತವೆ. ಹಾಗೆ ಓದುವುದು ಸಮಂಜಸ, ಹಾಗೆ ಓದದೆಯೂ ಪುಸ್ತಕ ಮುರಿಯುವುದಿಲ್ಲ. ಇದನ್ನು ಒಪ್ಪಿದರೆ ಎರಡೂ ಬಣದವರಿಗೆ ತೃಪ್ತಿಯಾಗದೆಂದು ಬಲ್ಲೆ.

ಸಿನಿಮಾದ ವಿಷಯಕ್ಕೆ ಬಂದರೆ 'ಲೇಖಕರ ಆಶಯ' ಎಂಬ ಮಾತೇ ತೊಡರುತ್ತದೆ, ಯಾರ ಆಶಯ ಎಂಬುದೇ ತಿಳಿಯದಾಗುತ್ತದೆ. 1982ರ 'ಬ್ಲೇಡ್ ರನ್ನರ್' ಚಿತ್ರದ ನಾಯಕ ಮನುಷ್ಯನೋ ಮನುಷ್ಯನಂತೆ ತಯಾರಾದ ಕೃತಕ ಜೀವಿಯೋ ಎಂಬ ಪ್ರಶ್ನೆಗೆ ನಿರ್ದೇಶಕ ರಿಡ್ಲಿ ಸ್ಕಾಟ್ ಕೃತಕ ಜೀವಿ ಎಂದರು; ಪಾತ್ರ ಮಾಡಿದ ಹ್ಯಾರಿಸನ್ ಫೋರ್ಡ್ ತಾನು ಅಭಿನಯಿಸಿದ್ದು ಮನುಷ್ಯನನ್ನೇ ಎಂದರು. 1992ರ ಆವೃತ್ತಿಯಲ್ಲಿ ಒಂಟಿಕೊಂಬಿನ ಕುದುರೆಯ ಕನಸೊಂದು ಸೇರಿತು, ಅದರಿಂದ ಕೊನೆಯಲ್ಲಿ ಸಿಗುವ ಕಾಗದದ ಕುದುರೆಗೆ ಬೇರೆಯೇ ಅರ್ಥ ಬಂತು. 1982ರ ಚಿತ್ರದಲ್ಲಿ ಕಾಗದದ ಕುದುರೆಯಿತ್ತು, ಕನಸಿರಲಿಲ್ಲ. ಇವು ಒಂದೇ ಚಿತ್ರದ ಸರಿ ತಪ್ಪು ಪ್ರತಿಗಳಲ್ಲ, ಎರಡು ಚಿತ್ರಗಳು, ಉತ್ತರವೂ ಎರಡಿರಬಹುದು.

ಇನ್ನು ಮೂರನೆಯ ಪ್ರಶ್ನೆ, ನಿಮ್ಮ ಆರನೆಯ ಸಂಪುಟದ್ದು. ಕಥೆಯನ್ನು ಮುಂದುವರಿಸುವ ಕಾನೂನಿನ ಹಕ್ಕು ಹಕ್ಕುಸ್ವಾಮ್ಯ ಉಳ್ಳವರದು. ಅವರು ಒಂದು ಪುಸ್ತಕಕ್ಕೆ ಅಧಿಕೃತ ಎಂಬ ಮುದ್ರೆ ಒತ್ತಬಹುದು, ಒತ್ತಿದ ಮುದ್ರೆಯನ್ನು ಅಳಿಸಲೂಬಹುದು. 2012ರಲ್ಲಿ ಲೂಕಾಸ್‌ಫಿಲ್ಮ್ ಸಂಸ್ಥೆಯನ್ನು ಡಿಸ್ನಿ ಕೊಂಡಿತು. 2014ರ ಏಪ್ರಿಲ್‌ನಲ್ಲಿ, ಅದುವರೆಗೆ ಹಲವು ದಶಕಗಳಿಂದ ಬಂದಿದ್ದ 'ಸ್ಟಾರ್ ವಾರ್ಸ್' ಕಾದಂಬರಿ ಮತ್ತು ಕಾಮಿಕ್‌ಗಳ ದೊಡ್ಡ ರಾಶಿಗೆ 'ಲೆಜೆಂಡ್ಸ್' ಎಂಬ ಹೆಸರಿಟ್ಟು ಕ್ಯಾನನ್‌ನಿಂದ ಹೊರಗಿಡಲಾಯಿತು. ಹೊಸ ಚಿತ್ರಗಳ ಕಥೆಗೆ ಜಾಗ ಬೇಕಿತ್ತು; ಅದು ವ್ಯಾಪಾರದ ಮತ್ತು ಯೋಜನೆಯ ನಿರ್ಧಾರ, ಅದರಲ್ಲಿ ತಪ್ಪೇನಿಲ್ಲ. ಆದರೆ ಹಿಂದಿನ ದಿನ ನಿಜವಾಗಿದ್ದ ಕಥೆ ಮರುದಿನ ಸುಳ್ಳಾಗುವುದು ಪತ್ರಿಕಾ ಪ್ರಕಟಣೆಯಿಂದ ಸಾಧ್ಯವಾದರೆ, ಆ ಬಗೆಯ ಕ್ಯಾನನ್ ಎಂಬುದು ಮುಂದಿನ ಬರಹಗಾರರಿಗೆ ಕೊಟ್ಟ ಸೂಚನೆಯೇ ಹೊರತು ಓದುಗನಿಗೆ ಕೊಟ್ಟ ಆಜ್ಞೆಯಲ್ಲವೆಂದು ಸ್ಪಷ್ಟವಾಗುತ್ತದೆ.

ಈ ಹಕ್ಕಿನ ಜಗಳವನ್ನು ಸ್ಪೇನಿನ ಕಾದಂಬರಿಕಾರ ಸರ್ವಾಂಟಿಸ್‌ನಷ್ಟು ಸೊಗಸಾಗಿ ಆಡಿದವರಿಲ್ಲ. ಅವನ 'ಡಾನ್ ಕಿಹೋಟೆ' ಕಾದಂಬರಿಯ ಮೊದಲ ಭಾಗ 1605ರಲ್ಲಿ ಬಂತು. ಸರ್ವಾಂಟಿಸ್ ಎರಡನೆಯದನ್ನು ಬರೆದು ಮುಗಿಸುವ ಮೊದಲೇ, 1614ರಲ್ಲಿ, ಅವೆಯನೇಡ ಎಂಬ ಹೆಸರಿನ ಮರೆಯಲ್ಲಿ ಯಾರೋ ಒಬ್ಬರು ತಮ್ಮದೇ ಎರಡನೆಯ ಭಾಗವನ್ನು ಪ್ರಕಟಿಸಿಬಿಟ್ಟರು. 1615ರ ನಿಜವಾದ ಎರಡನೆಯ ಭಾಗದಲ್ಲಿ ಕಿಹೋಟೆ ಒಂದು ವಸತಿಗೃಹದಲ್ಲಿ ತಂಗಿದ್ದಾಗ ಪಕ್ಕದ ಕೋಣೆಯವರು ಆ ನಕಲಿ ಪುಸ್ತಕವನ್ನು ಓದುವ ಮಾತಾಡುವುದು ಕೇಳಿಸುತ್ತದೆ. ಅದರಲ್ಲಿ ತಾನು ಸರಗೋಸಕ್ಕೆ ಹೋಗಿದ್ದೇನೆಂದು ತಿಳಿದು, ಅದನ್ನು ಸುಳ್ಳು ಮಾಡಲೆಂದೇ ಅವನು ದಾರಿ ಬದಲಿಸಿ ಬಾರ್ಸಿಲೋನಕ್ಕೆ ಹೊರಡುತ್ತಾನೆ. ಅಷ್ಟಕ್ಕೂ ಬಿಡದೆ ಸರ್ವಾಂಟಿಸ್, ನಕಲಿ ಪುಸ್ತಕದ ಪಾತ್ರವೊಂದನ್ನೇ ತನ್ನ ಕಥೆಯೊಳಗೆ ಎಳೆತಂದು, ನಾನು ಕಂಡಿದ್ದವನು ಈ ಕಿಹೋಟೆಯಲ್ಲ ಎಂದು ಊರಿನ ಅಧಿಕಾರಿಯ ಮುಂದೆ ಹೇಳಿಕೆ ಬರೆಸಿಕೊಳ್ಳುತ್ತಾನೆ. ಪುಸ್ತಕದ ಕೊನೆಯಲ್ಲಿ ಕಿಹೋಟೆ ಸಾಯುತ್ತಾನೆ. ಇನ್ನೊಬ್ಬರು ಅವನನ್ನು ಎಬ್ಬಿಸಿ ಹೊರಡಿಸದಿರಲೆಂಬುದು ಅದರ ಒಂದು ಕಾರಣ. ಲೇಖಕರ ಅಧಿಕಾರ ಎಂದರೆ ಇದು: ಸರ್ವಾಂಟಿಸ್ ತನ್ನ ಪಾತ್ರ ಸತ್ತಿತೆಂದು ಯಾರಿಗೋ ಹೇಳಲಿಲ್ಲ, ಬರೆದ. ಇದಕ್ಕೆ ತೀರ ವಿರುದ್ಧ ಸ್ವಭಾವದವರು ಡಾಯ್ಲ್. ಹೋಮ್ಸ್‌ನನ್ನು ರಂಗಕ್ಕೆ ತರುತ್ತಿದ್ದ ವಿಲಿಯಂ ಜಿಲೆಟ್, ಅವನಿಗೆ ಮದುವೆ ಮಾಡಿಸಬಹುದೇ ಎಂದು ತಂತಿ ಕಳಿಸಿದಾಗ, ಮದುವೆ ಮಾಡಿ, ಕೊಲೆ ಮಾಡಿ, ಏನು ಬೇಕಾದರೂ ಮಾಡಿ ಎಂದು ಉತ್ತರಿಸಿದರು.

ಈಗ ನಿಮ್ಮ ಕಾದಂಬರಿಗೆ ಬರುತ್ತೇನೆ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮುಗಿಸಿದ ಪುಸ್ತಕವನ್ನು ಅದರ ಲೇಖಕರೇ ವರ್ಷಗಳ ನಂತರ ಒಂದು ಬದಿಗೆ ಇಳಿಸಿದ್ದಾರೆ. ಅವರು ಸುಳ್ಳು ಹೇಳುತ್ತಿದ್ದಾರೆಂದು ನೀವು ಸಾಧಿಸಬೇಕಿಲ್ಲ. ಸಾವೇ ಅವರ ಮನಸ್ಸಿನಲ್ಲಿದ್ದಿರಬಹುದು, ಅದನ್ನು ಬರೆಯದಿರಲು ಅವರು ತೀರ್ಮಾನಿಸಿದ್ದೂ ಅಷ್ಟೇ ನಿಜ. ಬರೆಯದಿದ್ದುದು ಕೂಡ ಲೇಖಕರ ಆಶಯವೇ. ಆರನೆಯ ಸಂಪುಟದ ನಾಯಕಿ ಬದುಕಿದ್ದಾಳೆಂಬುದರಿಂದ ನಿಮ್ಮ ವಾದಕ್ಕೆ ಬಲ ಬರುವುದಿಲ್ಲ, ಅದನ್ನು ಆಸರೆಗೆ ಹಿಡಿಯಬೇಡಿ. ಐದನೆಯದರ ಕೊನೆಯ ರಾತ್ರಿ ಏನಾಯಿತೆಂದು ಆರನೆಯದನ್ನು ಬರೆದವರಿಗೂ ನಿಮ್ಮಷ್ಟೇ ಗೊತ್ತು.

ನಿಮ್ಮ ಬಳಿ ಇರುವ ಗಟ್ಟಿ ಆಧಾರ ಎರಡನೆಯ ಸಂಪುಟದ ಲಾಟೀನು. ಆದರೆ ಒಮ್ಮೆ ಬಂದದ್ದು ಸಂಗತಿ, ಎರಡನೆಯ ಸಲ ಬಂದರಷ್ಟೇ ಮೀಮಾಂಸಕರು ಅಭ್ಯಾಸವೆಂದು ಕರೆಯುವ ಗುರುತು. ಕೊನೆಯ ಅಧ್ಯಾಯದಲ್ಲಿ ಅವಳು ದಡ ಬಿಡುವ ಪ್ಯಾರಾವನ್ನು ತೆರೆದು, ಲಾಟೀನು ಎಲ್ಲಿದೆಯೆಂದು ನೋಡಿ. ದಡದ ಮೇಲೆ ಉರಿಯುತ್ತಿದ್ದರೆ ಸಂದರ್ಶನಕ್ಕೆ ಎದುರಾಗಿ ನಿಮ್ಮ ಓದು ನಿಲ್ಲುತ್ತದೆ. ದೋಣಿಯೊಳಗೆ ಅವಳ ಜೊತೆಗೇ ಹೋಗಿದ್ದರೆ, ಲೇಖಕರು ಹೇಳಿದ್ದನ್ನು ಪುಸ್ತಕ ಆಗಲೇ ಮೆಲ್ಲಗೆ ಹೇಳಿತ್ತು, ನೀವು ಗಮನಿಸಿರಲಿಲ್ಲ. ಲಾಟೀನಿನ ಪ್ರಸ್ತಾಪವೇ ಇಲ್ಲವಾದರೆ ಇನ್ನೊಂದು ಪತ್ರ ಬರೆಯಿರಿ. ಆಗ ನಾವು ಎರಡನೆಯ ಸಂಪುಟವನ್ನು ಮೊದಲಿನಿಂದ ಓದಬೇಕಾಗುತ್ತದೆ.